ಡಬ್ಬಿ ಜಪಾನಿನದು, ಆಟ ಇಂಗ್ಲಿಷಿನಲ್ಲಿ: ವಿದೇಶಿ ವಿಡಿಯೊ ಗೇಮ್ ಕೊಳ್ಳುವುದು ಹೇಗೆ?

"ಚಲೇಗಾ?" ಎಂದು ಕೇಳಿದೆ.

"ಚಲೇಗಾ ಭಾಯ್, ಬಿಂದಾಸ್ ಚಲೇಗಾ" ಎಂದ ಅಂಗಡಿಯವನು.

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಒಂದು ಇಕ್ಕಟ್ಟಾದ ಅಂಗಡಿ. ಡೊಂಬಿವಲಿಯಿಂದ ಲೋಕಲ್ ಹಿಡಿದು, ದಾದರಿನಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿದು ಹೋಗಿದ್ದೆ. ಅಕ್ಕನ ಮಗನ ಹುಟ್ಟುಹಬ್ಬ. ಅವನ ನಿಂಟೆಂಡೊ ಸ್ವಿಚ್ ಎಂಬ ಗೇಮ್ ಮೆಷಿನ್ನಿಗೆ ಒಂದು ಆಟ ಬೇಕಿತ್ತು. ಡಬ್ಬಿಯ ಮೇಲೆ ಆಟದ ಹೆಸರು ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಸುತ್ತ ಒಂದಿಷ್ಟು ಜಪಾನಿ ಗೀಚು. ಇರಲಿ ಬಿಡು ಎಂದು ದುಡ್ಡು ಕೊಟ್ಟು ತಂದೆ.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಆಟ ಚೆನ್ನಾಗಿಯೇ ನಡೆಯಿತು, ಪೂರ್ತಿ ಜಪಾನಿಯಲ್ಲಿ. ಅದೋ ಕಥೆ, ಸಂಭಾಷಣೆಗಳೇ ತುಂಬಿರುವ ಆಟ. ಹುಡುಗ ಮೂರು ದಿನ ಅಂದಾಜಿನ ಮೇಲೆ ಆಡಿದ. ನಾಲ್ಕನೆಯ ದಿನ ಯಾವುದೋ ಪ್ರಶ್ನೆ ಬಂತು, ಇವನು ಎಂದಿನಂತೆ ಮೇಲಿನ ಉತ್ತರ ಒತ್ತಿದ. ಹಳೆಯ ಸೇವ್, ಅಂದರೆ ಆಡಿ ಉಳಿಸಿಟ್ಟದ್ದನ್ನೆಲ್ಲ, ಅಳಿಸಿ ಹೊಸದಾಗಿ ಶುರು ಮಾಡಲೇ ಎಂದು ಕೇಳುತ್ತಿತ್ತಂತೆ ಅದು. "ಮಾಮಾ, ನೀವು ಕೇಳ್ಕೊಂಡು ತರ್ಬಾರ್ದಿತ್ತಾ?" ಎಂದ.

ಕೇಳಿದ್ದೆ. ಕೇಳಬೇಕಾದ್ದನ್ನು ಕೇಳಿರಲಿಲ್ಲ. "ಚಲೇಗಾ" ಅಲ್ಲ, "ಇಂಗ್ಲಿಷ್ ಮೇಂ ಚಲೇಗಾ?" ಎನ್ನಬೇಕಿತ್ತು. ಮೆಷಿನ್ನಿಗೆ ಕಾರ್ಟ್ರಿಜ್, ಅಂದರೆ ಆಟ ತುಂಬಿದ ಪುಟ್ಟ ಬಿಲ್ಲೆ, ಒಪ್ಪುವುದು ಒಂದು, ಆಟ ನಮಗೆ ಅರ್ಥವಾಗುವುದು ಇನ್ನೊಂದು. ಈ ಎರಡನ್ನು ಬೇರೆ ಬೇರೆಯಾಗಿ ವಿಚಾರಿಸಿದರೆ ಅರ್ಧ ಕೆಲಸ ಮುಗಿದಂತೆ.

ಇಷ್ಟೆಲ್ಲ ತಾಪತ್ರಯ ಪಟ್ಟು ವಿದೇಶಿ ಡಬ್ಬಿ ಯಾಕೆ ಬೇಕು ಎಂದು ಕೇಳಬಹುದು. ಸ್ವಿಚ್ 2017ರ ಮಾರ್ಚ್ 3ರಂದು ಲೋಕದ ಮಾರುಕಟ್ಟೆಗೆ ಬಂತು. ನಮ್ಮಲ್ಲಿಗೆ ಅಧಿಕೃತವಾಗಿ ಬರಲೇ ಇಲ್ಲ. ಇಲ್ಲಿನ ಅಂಗಡಿಗಳಲ್ಲಿ ಸಿಗುವುದೆಲ್ಲ ದುಬೈ, ಹಾಂಗ್‌ಕಾಂಗ್, ಅಮೆರಿಕ, ಜಪಾನ್‌ಗಳಿಂದ ಬಂದ ಮಾಲು. ಸೋನಿಯ ಮೆಷಿನ್ ಪ್ಲೇಸ್ಟೇಷನ್ ಕಥೆ ಬೇರೆ, ಅದರ ಡಿಸ್ಕ್‌ಗಳು ಇಲ್ಲೇ ಬಿಲ್ ಸಮೇತ ಸಿಗುತ್ತವೆ. ಆದರೂ ಕೆಲವು ಆಟಗಳು ಏಷ್ಯಾ ಬಿಟ್ಟು ಬೇರೆಲ್ಲೂ ಡಿಸ್ಕ್ ರೂಪದಲ್ಲಿ ಇಂಗ್ಲಿಷಿಗೆ ಬಂದಿಲ್ಲ. 2017ರ 'ಸೂಪರ್ ರೋಬೊ ವಾರ್ಸ್ ವಿ' ಅಂಥದ್ದು. ಪ್ಲೇಸ್ಟೇಷನ್ 4ಕ್ಕೆ ಇಂಗ್ಲಿಷ್ ಪಠ್ಯದ ಡಿಸ್ಕ್ ಬೇಕೆಂದರೆ ಆಗ್ನೇಯ ಏಷ್ಯಾದ ಮುದ್ರಣವನ್ನೇ ಹುಡುಕಬೇಕು.

ಮೊದಲು ಮೆಷಿನ್ ನೋಡಿ

ಹಳೆಯ ಕಾಲದಲ್ಲಿ ಪ್ರದೇಶದ ಬೀಗ ಇತ್ತು. ಪ್ಲೇಸ್ಟೇಷನ್ 2, ನಿಂಟೆಂಡೊದ ವೀ, 3ಡಿಎಸ್ ಎಲ್ಲ ಅಂಥವು. ಜಪಾನಿನ 3ಡಿಎಸ್ ಕಾರ್ಟ್ರಿಜ್ ಅಮೆರಿಕದ 3ಡಿಎಸ್‌ನಲ್ಲಿ ಓಡುವುದಿಲ್ಲ. ಮನೆಯಲ್ಲಿ ಹಳೆಯ ಮೆಷಿನ್ ಇದ್ದರೆ ಅದರ ಪ್ರದೇಶ ತಿಳಿದುಕೊಂಡೇ ಮುಂದಿನ ಮಾತು. ಸ್ವಿಚ್, ಪ್ಲೇಸ್ಟೇಷನ್ 4 ಮತ್ತು 5, ಎಕ್ಸ್‌ಬಾಕ್ಸ್ ಒನ್ ಇವಕ್ಕೆ ಆ ತಲೆನೋವಿಲ್ಲ. ಎಲ್ಲಿಯ ಡಿಸ್ಕ್ ಹಾಕಿದರೂ ಓಡುತ್ತದೆ. ಚೀನಾದಲ್ಲಿ ಟೆನ್ಸೆಂಟ್ ಕಂಪನಿ ಮಾರಿದ ಸ್ವಿಚ್ ಕಾರ್ಟ್ರಿಜ್ ಮಾತ್ರ ಮುಟ್ಟಬೇಡಿ. ಅದು ಅಲ್ಲಿನ ಮೆಷಿನ್ನಿಗೇ ಸೀಮಿತ.

ಪ್ಲೇಸ್ಟೇಷನ್ 5ರಲ್ಲಿ ಡಿಜಿಟಲ್ ಎಡಿಷನ್ ಎಂಬುದೊಂದಿದೆ. ಅದಕ್ಕೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ನಗಬೇಡಿ. ಉಡುಗೊರೆ ಕೊಟ್ಟ ಮೇಲೆ ಇದು ಗೊತ್ತಾದ ಮನೆಗಳಿವೆ.

ಜಪಾನಿನಿಂದ ಮೆಷಿನ್ನನ್ನೇ ತರಿಸುವ ಆಲೋಚನೆ ಇದ್ದರೆ ಒಂದು ನಿಮಿಷ ನಿಲ್ಲಿ. 2025ರ ಜೂನ್ 5ರಂದು ಬಂದ ಸ್ವಿಚ್ 2 ಅಲ್ಲಿ ಎರಡು ಬಗೆ. ಬಿಡುಗಡೆಯ ಹೊತ್ತಿಗೆ 49,980 ಯೆನ್‌ನದು ಒಂದು, 69,980 ಯೆನ್‌ನದು ಇನ್ನೊಂದು. ಅಗ್ಗದ್ದರ ಮೆನು ಜಪಾನಿಯಲ್ಲಿ ಮಾತ್ರ, ಜಪಾನಿನ ಅಕೌಂಟ್ ಮಾತ್ರ ಸೇರಿಸಬಹುದು. ಟೋಕಿಯೊದಿಂದ ಬರುವ ಭಾವನಿಗೆ "ಕಡಿಮೆಗೆ ಸಿಗೋದನ್ನ ತಗೊಂಡು ಬಾ" ಎಂದು ಹೇಳಿ ಕಳಿಸಬೇಡಿ.

ಡಬ್ಬಿಯ ಮುಖ ಬೇಡ, ಬೆನ್ನು ಓದಿ

ಜಾಸ್ತಿ ಜನ ಎಡವುವುದು ಇಲ್ಲೇ, ನನ್ನ ಹಾಗೆ. ಜಪಾನಿನಲ್ಲಿ ಆಟದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಒಂದು ಸ್ಟೈಲ್. ಒಳಗೆ ಒಂದು ಇಂಗ್ಲಿಷ್ ಪದವೂ ಇಲ್ಲದಿರಬಹುದು. ಹಾಂಗ್‌ಕಾಂಗ್ ಡಬ್ಬಿ ಇದಕ್ಕೆ ಉಲ್ಟಾ. ಮುಖದ ತುಂಬ ಚೀನೀ ಅಕ್ಷರ ಇದ್ದರೂ ಒಳಗೆ ಪೂರ್ತಿ ಇಂಗ್ಲಿಷ್ ಇರುವುದುಂಟು. ಮುಂಬಯಿಯಲ್ಲಿ ಬೋರ್ಡು ಮರಾಠಿಯಲ್ಲಿದ್ದರೂ ಗಲ್ಲೆಯಲ್ಲಿ ಕೂತವರು ಕುಂದಾಪುರದವರಿರುತ್ತಾರೆ ಅಲ್ವಾ, ಹಾಗೆ.

ಮುಖದಲ್ಲಿ ನೋಡಬೇಕಾದ್ದು ಕೆಳಮೂಲೆಯ ವಯಸ್ಸಿನ ಗುರುತು. ಡಬ್ಬಿ ಯಾವ ಊರಿನದು ಎನ್ನುವುದು ಅಲ್ಲೇ ಗೊತ್ತಾಗುತ್ತದೆ. ಅಮೆರಿಕದ್ದಾದರೆ ಇಎಸ್‌ಆರ್‌ಬಿ, ಯುರೋಪಿನದಾದರೆ ಪೆಗಿ ಎಂದಿರುತ್ತದೆ. ಜಪಾನಿನದು ಸೆರೊ, ಅದರಲ್ಲಿ ಎ, ಬಿ, ಸಿ, ಡಿ, ಝಡ್ ಎಂಬ ದೊಡ್ಡ ಅಕ್ಷರ. ಝಡ್ ಎಂದರೆ 18 ದಾಟಿದವರಿಗೆ. ಇನ್ನೊಂದು ವಿಷಯ. ಜಪಾನಿನ ಕೆಲವು ಮುದ್ರಣಗಳಲ್ಲಿ ರಕ್ತಪಾತದ ದೃಶ್ಯ ಕತ್ತರಿಸಿರುತ್ತಾರೆ. ಮಕ್ಕಳ ಅಪ್ಪ ಅಮ್ಮಂದಿರಿಗೆ ಇದು ಒಳ್ಳೆಯ ಸುದ್ದಿ ಅನ್ನಿಸಬಹುದು. ಮಕ್ಕಳಿಗೆ ಅನ್ನಿಸುವುದಿಲ್ಲ.

ಪ್ಲೇಸ್ಟೇಷನ್ 4ರ ಡಬ್ಬಿಯ ಅಂಚಿನಲ್ಲಿ ಒಂದು ಕೋಡ್ ಇರುತ್ತದೆ. ಪಿಎಲ್‌ಎಎಸ್ ಎಂದು ಶುರುವಾದರೆ ಏಷ್ಯಾ ಮುದ್ರಣ, ಪಿಎಲ್‌ಜೆಎಂ ಎಂದಾದರೆ ಜಪಾನಿನದು. ಪ್ಲೇಸ್ಟೇಷನ್ 5ಕ್ಕೆ ಇವೇ ಇಎಲ್‌ಎಎಸ್, ಇಎಲ್‌ಜೆಎಂ ಆಗುತ್ತವೆ. ಸ್ವಿಚ್ ಆದರೆ ಕಾರ್ಟ್ರಿಜ್ ಮೇಲೆಯೇ ಎಲ್‌ಎ-ಎಚ್ ಎಂದು ಶುರುವಾಗುವ ಸಣ್ಣ ಸಾಲು ಇದೆ. ಅದರ ಕೊನೆಯ ಮೂರು ಅಕ್ಷರ ನೋಡಿ. ಜೆಪಿಎನ್, ಯುಎಸ್‌ಎ, ಇಯುಆರ್ ಎಂದಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಡಬ್ಬಿ ಒಂದು ದೇಶದ್ದು, ಕಾರ್ಟ್ರಿಜ್ ಇನ್ನೊಂದು ದೇಶದ್ದು ಆಗಿರಬಹುದು. ಹಾಗಾಗಿ ಎರಡನ್ನೂ ಓದಿ. ಕಣ್ಣಿಗೆ ಹತ್ತಿರ ಹಿಡಿದು ಓದಿ, ಬಾಯಿಗೆ ಹತ್ತಿರ ತರಬೇಡಿ. ಮಕ್ಕಳು ನುಂಗಬಾರದೆಂದು ಸ್ವಿಚ್ ಕಾರ್ಟ್ರಿಜ್‌ಗೆ ಡೆನಾಟೋನಿಯಂ ಬೆನ್ಜೋಯೇಟ್ ಎಂಬ ಕಹಿ ವಸ್ತು ಬಳಿದಿರುತ್ತಾರೆ. ಹಾಗಲಕಾಯಿ ಅದರ ಮುಂದೆ ಪಾಯಸ.

ಈಗ ಬೆನ್ನು. ಯಾವ ಯಾವ ಭಾಷೆ ಇದೆ ಎಂಬ ಪಟ್ಟಿ ಸಾಮಾನ್ಯವಾಗಿ ಅಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಜಪಾನಿ ಡಬ್ಬಿಯಾದರೆ ಫೋನಿನ ಕ್ಯಾಮೆರಾ ಹಿಡಿದು ಗೂಗಲ್ ಲೆನ್ಸ್‌ನಲ್ಲಿ ಅನುವಾದ ಮಾಡಿಸಿ, ಅರ್ಧ ನಿಮಿಷದ ಕೆಲಸ. ಅದೂ ಸಾಲದಿದ್ದರೆ ನಿಂಟೆಂಡೊದ ಜಪಾನ್ ಸ್ಟೋರಿನಲ್ಲಿ ಅದೇ ಆಟದ ಪುಟ ತೆರೆಯಿರಿ. ಅಲ್ಲಿ ಭಾಷೆಗಳ ಸಾಲು ಸ್ಪಷ್ಟವಾಗಿ ಕೊಟ್ಟಿರುತ್ತಾರೆ. ಅಮೆರಿಕದ ಸ್ಟೋರಿನ ಪುಟ ನೋಡಿ ಜಪಾನಿನ ಕಾರ್ಟ್ರಿಜ್ ಕೊಳ್ಳುವುದು ಬೇಡ. ಒಂದೇ ಆಟ, ಎರಡು ಮುದ್ರಣ, ಭಾಷೆ ಬೇರೆ ಬೇರೆ ಇರಬಹುದು.

ಇಂಗ್ಲಿಷ್ ಇದೆ ಎಂದರೂ ಎಷ್ಟು ಇದೆ ಎಂದು ಕೇಳಿ. ಎಷ್ಟೋ ಕಡೆ ಇಂಗ್ಲಿಷ್ ಪಠ್ಯ ಮಾತ್ರ, ಧ್ವನಿ ಜಪಾನಿಯದೇ. ನನಗೆ ಅದೇ ಇಷ್ಟ. ಅಕ್ಕನ ಮಗನಿಗೆ ಓದುವುದೆಂದರೆ ಆಗದು. ಇನ್ನು ಕೆಲವು ಆಟಗಳಿಗೆ ಇಂಗ್ಲಿಷ್ ಆಮೇಲಿನ ಅಪ್‌ಡೇಟ್‌ನಲ್ಲಿ ಬರುತ್ತದೆ, ಅಂದರೆ ಇಂಟರ್‌ನೆಟ್ ಬೇಕೇ ಬೇಕು.

ಧೈರ್ಯವಾಗಿ ಕೊಳ್ಳಬಹುದಾದವೂ ಇವೆ. 2013ರ ಎಕ್ಸ್ ಮತ್ತು ವೈ ಇಂದೀಚೆಗೆ ಪೋಕೆಮಾನ್ ಸರಣಿಯ ಮುಖ್ಯ ಆಟಗಳಲ್ಲಿ ಶುರುವಿನಲ್ಲೇ ಭಾಷೆ ಆರಿಸಬಹುದು. 'ಬ್ರೆತ್ ಆಫ್ ದ ವೈಲ್ಡ್', 'ಸೂಪರ್ ಮಾರಿಯೊ ಒಡಿಸ್ಸಿ' ಇವುಗಳ ಜಪಾನ್ ಕಾರ್ಟ್ರಿಜ್‌ನಲ್ಲೂ ಇಂಗ್ಲಿಷ್ ಇದೆ.

ಒಳಗೆ ಆಟ ಇದೆಯೋ, ಬರೀ ಬೀಗದ ಕೈಯೋ?

ಸ್ವಿಚ್ 2ಕ್ಕೆ ಗೇಮ್-ಕೀ ಕಾರ್ಡ್ ಎಂಬ ಹೊಸ ವ್ಯವಸ್ಥೆ ಬಂದಿದೆ. ನೋಡಲು ಕಾರ್ಟ್ರಿಜ್‌ನಂತೆಯೇ. ಒಳಗೆ ಆಟ ಇಲ್ಲ, ಡೌನ್‌ಲೋಡ್ ಮಾಡಿಕೊಳ್ಳುವ ಅನುಮತಿ ಮಾತ್ರ. ಡಬ್ಬಿಯ ಮುಖದಲ್ಲಿ ಕೆಳಗೆ ಇದನ್ನು ಬರೆದಿರುತ್ತಾರೆ. ಖಾಲಿ ಡಬ್ಬಿಯಲ್ಲಿ ಒಂದು ಕೋಡ್ ಚೀಟಿ ಇಟ್ಟು ಮಾರುವುದೂ ಇದೆ. ಅದನ್ನು ಒಮ್ಮೆ ಬಳಸಿದ ಮೇಲೆ ಮತ್ತೊಬ್ಬರಿಗೆ ಮಾರಲು ಬರುವುದಿಲ್ಲ. ಡಬ್ಬಿಯೇ ಬೇಕು ಎನ್ನುವವರು ಇದಕ್ಕೆ ದುಡ್ಡು ಹಾಕಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಎಲ್ಲಿ ಕೊಳ್ಳುವುದು, ಎಷ್ಟು ಬೀಳುತ್ತದೆ

ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದಾದರೆ ಲ್ಯಾಮಿಂಗ್ಟನ್ ರೋಡು, ಹಾಜಿ ಅಲಿಯ ಹೀರಾ ಪನ್ನಾ ಇವೆ. ಭಾನುವಾರ ಲ್ಯಾಮಿಂಗ್ಟನ್ ರೋಡಿಗೆ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. "ಇಂಗ್ಲಿಷ್ ಬರದಿದ್ದರೆ ವಾಪಸ್" ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಅಲ್ಲಿಗೆ ಉತ್ತರ ಸಿಕ್ಕಿತು.

ದುಬೈಯಲ್ಲಿ ಸಂಬಂಧಿಕರಿಲ್ಲದ ಮುಂಬಯಿ ಕನ್ನಡಿಗರ ಮನೆ ಕಡಿಮೆ. ರಜೆಗೆ ಬರುವವರ ಕೈಲಿ ತರಿಸುವುದು ಹಳೆಯ, ಒಳ್ಳೆಯ ದಾರಿ. ಡಬ್ಬಿಯ ಫೋಟೊ ಮೊದಲೇ ವಾಟ್ಸಾಪ್ ಮಾಡಲು ಹೇಳಿ, ಮುಖದ್ದಲ್ಲ, ಬೆನ್ನಿನದು.

ವಿದೇಶಿ ಅಂಗಡಿಯಿಂದ ನೇರವಾಗಿ ತರಿಸುವುದಾದರೆ ಹಾಂಗ್‌ಕಾಂಗಿನ ಪ್ಲೇ-ಏಷ್ಯಾದಂಥ ಕಡೆ ಯಾವ ಮುದ್ರಣ, ಯಾವ ಭಾಷೆ ಎಂದು ಬರೆದಿರುತ್ತಾರೆ. ಆದರೆ ಅಲ್ಲಿ ಕಾಣುವ ಬೆಲೆ ಕೊನೆಯ ಬೆಲೆ ಅಲ್ಲ. ಆಟಕ್ಕೆ 4,000 ರೂಪಾಯಿ, ಸಾಗಣೆಗೆ 1,000 ಆಯಿತು ಅನ್ನಿ. ಕಸ್ಟಮ್ಸ್ ಸುಂಕ 4,000ದ ಮೇಲಲ್ಲ, ಸಾಗಣೆಯೂ ಸೇರಿ 5,000ದ ಮೇಲೆ ಬೀಳುತ್ತದೆ. ಸುಂಕ ಕೂಡಿಸಿದ ಮೊತ್ತದ ಮೇಲೆ ಜಿಎಸ್‌ಟಿ. ಕೊರಿಯರ್ ಕಂಪನಿ ತನ್ನ ಕ್ಲಿಯರೆನ್ಸ್ ಚಾರ್ಜು ಬೇರೆ ಹಾಕುತ್ತದೆ. ಸುಂಕದ ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ, ಆರ್ಡರ್ ಮಾಡುವ ದಿನವೇ ನೋಡಿಕೊಳ್ಳಿ. "ಗಿಫ್ಟ್ ಅಂತ ಬರೆದು ಕಳಿಸಿ" ಎಂಬ ಉಪಾಯ ಈಗ ನಡೆಯುವುದಿಲ್ಲ. ಸುಂಕವಿಲ್ಲದ ಗಿಫ್ಟ್ ಪಾರ್ಸೆಲ್‌ಗಳನ್ನು ಸರ್ಕಾರ 2019ರ ಡಿಸೆಂಬರ್‌ನಲ್ಲೇ ನಿಲ್ಲಿಸಿದೆ. ಜೀವ ಉಳಿಸುವ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಮಾರಿಯೊ ರಾಖಿ ಅಲ್ಲ.

ಕೊರಿಯರ್‌ನವರು ಗುರುತಿನ ಚೀಟಿ ಕೇಳುತ್ತಾರೆ, ಆರ್ಡರ್‌ನಲ್ಲಿರುವ ಹೆಸರೂ ಚೀಟಿಯ ಹೆಸರೂ ಒಂದೇ ಇರಲಿ. ಅಂಚೆಯಲ್ಲಿ ಬಂದರೆ 13 ಅಕ್ಷರಗಳ ಟ್ರ್ಯಾಕಿಂಗ್ ನಂಬರ್ ಇರುತ್ತದೆ. ಕೊನೆಯ ಎರಡು ಅಕ್ಷರ ಕಳಿಸಿದ ದೇಶದ್ದು, ಜಪಾನಿಗೆ ಜೆಪಿ. ಮುಂಬಯಿಯ ವಿದೇಶಿ ಅಂಚೆ ಕಚೇರಿ ಬಲ್ಲಾರ್ಡ್ ಎಸ್ಟೇಟಿನಲ್ಲಿದೆ. ಪಾರ್ಸೆಲ್ ಅಲ್ಲಿ ಕಸ್ಟಮ್ಸ್ ಕೈಗೆ ಸಿಕ್ಕು ಕೂತರೆ ಗಾಬರಿ ಬೇಡ. ಸುಂಕ ಬಿದ್ದಿದ್ದರೆ ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ವಸೂಲಿ ಮಾಡುತ್ತಾರೆ.

ಮನೆಗೆ ಬಂದ ಮೇಲೆ

ಸೀಲ್ ಒಡೆಯುವಾಗ ಫೋನಿನಲ್ಲಿ ವಿಡಿಯೊ ಮಾಡಿ, ಜಗಳಕ್ಕೆ ಬೇಕಾಗಬಹುದು. ಆಟ ಹಾಕಿ, ಮೊದಲು ಅಪ್‌ಡೇಟ್ ಮಾಡಿ. ಜಪಾನಿ ಕಂಡ ತಕ್ಷಣ ಅಂಗಡಿಯವರಿಗೆ ಬೈಯಬೇಡಿ. ಸ್ವಿಚ್‌ನ ಬಹಳಷ್ಟು ಆಟಗಳು ಮೆಷಿನ್ನಿನ ಭಾಷೆಯನ್ನೇ ಹಿಡಿಯುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್‌ಗೆ ಹೋಗಿ ಭಾಷೆ ಇಂಗ್ಲಿಷ್ ಇದೆಯೇ ನೋಡಿ. ಆಮೇಲೆ ಆಟದೊಳಗಿನ ಮೆನು ನೋಡಿ. ಹಳೆಯ ಜಪಾನಿ ಪ್ಲೇಸ್ಟೇಷನ್ ಆಟಗಳಲ್ಲಿ ಸರಿ ಎನ್ನಲು ವೃತ್ತದ ಗುಂಡಿ, ಬೇಡ ಎನ್ನಲು ಕತ್ತರಿ ಗುರುತಿನದು. ನಮ್ಮ ಅಭ್ಯಾಸಕ್ಕೆ ಪೂರ್ತಿ ತಿರುಗುಮುರುಗು.

ಆಟಕ್ಕೆ ಹೆಚ್ಚುವರಿ ಭಾಗ, ಅಂದರೆ ಡಿಎಲ್‌ಸಿ, ಕೊಳ್ಳುವ ಆಸೆ ಇದ್ದರೆ ಸಾಮಾನ್ಯವಾಗಿ ಡಿಸ್ಕ್ ಯಾವ ಪ್ರದೇಶದ್ದೋ ಆ ಪ್ರದೇಶದ ಅಕೌಂಟೇ ಬೇಕು. ಜಪಾನ್ ಡಿಸ್ಕಿಗೆ ಭಾರತದ ಅಕೌಂಟಿನಿಂದ ಕೊಂಡ ಡಿಎಲ್‌ಸಿ ಸೇರುವುದಿಲ್ಲ. 2025ರ ಮಾರ್ಚ್‌ನಿಂದ ನಿಂಟೆಂಡೊದ ಜಪಾನ್ ಇ-ಶಾಪ್ ಹೊರದೇಶದ ಕ್ರೆಡಿಟ್ ಕಾರ್ಡನ್ನೂ ತೆಗೆದುಕೊಳ್ಳುವುದಿಲ್ಲ, ಅಲ್ಲಿನ ಪ್ರೀಪೇಡ್ ಕಾರ್ಡ್ ಹುಡುಕಬೇಕು. ಡಿಎಲ್‌ಸಿ ಜಾಸ್ತಿ ಇರುವ ಆಟವಾದರೆ ನಾನು ಜಪಾನ್ ಮುದ್ರಣದ ತಂಟೆಗೇ ಹೋಗುವುದಿಲ್ಲ.

ಬೇಡವಾದ ಆಟ ಮಾರುವಾಗ ಜಪಾನ್ ಕಾರ್ಟ್ರಿಜ್‌ಗೆ ಇಲ್ಲಿ ಬೆಲೆ ಕಡಿಮೆ. ಡಬ್ಬಿ, ಒಳಗಿನ ಕಾಗದ ಎಲ್ಲ ಜೋಪಾನವಾಗಿ ಇಟ್ಟಿದ್ದರೆ ಸ್ವಲ್ಪ ಹೆಚ್ಚು ಸಿಗುತ್ತದೆ. ನನ್ನ ಆ ಲ್ಯಾಮಿಂಗ್ಟನ್ ರೋಡಿನ ಕಾರ್ಟ್ರಿಜ್ ಎಂಟು ತಿಂಗಳು ಶೋಕೇಸಿನಲ್ಲಿ ಕೂತಿತ್ತು. ಕೊನೆಗೆ ಠಾಣೆಯಿಂದ ಒಬ್ಬಳು ಕಾಲೇಜು ಹುಡುಗಿ ಅರ್ಧ ಬೆಲೆಗೆ ಒಪ್ಪಿ ಬಂದಳು. ಜಪಾನಿ ಕಲಿಯುತ್ತಿದ್ದಾಳಂತೆ. ಡಬ್ಬಿಯನ್ನು ತಿರುಗಿಸಿ, ಬೆನ್ನಿನ ಸಣ್ಣಕ್ಷರಗಳ ಮೇಲೆ ಬೆರಳಿಟ್ಟು ಓದಿದಳು. ಆಮೇಲೆ ತಲೆ ಎತ್ತಿ ಕೇಳಿದಳು: "ಅಂಕಲ್, ಇದರಲ್ಲಿ ಇಂಗ್ಲಿಷ್ ಬರಲ್ಲ ತಾನೆ? ಗ್ಯಾರಂಟಿ?"