ಟ್ಯೂನ್ ಮಾಡಿಸಿದ ಟರ್ಬೊ ಕಾರಿಗೆ ಡೈವರ್ಟರ್ ವಾಲ್ವ್ ಸ್ಪ್ರಿಂಗ್ ಆರಿಸುವ ಬಗೆ

ಹಳೆಯ ಆಕ್ಟೇವಿಯಾ ಆರ್‌ಎಸ್‌ನ 1.8 ಲೀಟರ್ ಟರ್ಬೊದಂತಹ ಎಂಜಿನ್ನಿಗೆ ರಿಮ್ಯಾಪ್ ಮಾಡಿಸಿ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ), ಕಂಪನಿಯ ಪ್ಲಾಸ್ಟಿಕ್ ಡೈವರ್ಟರ್ ವಾಲ್ವ್ (ಕಾಲು ತೆಗೆದಾಗ ಟರ್ಬೊ ಪೈಪಿನಲ್ಲಿ ಉಳಿದ ಗಾಳಿಗೆ ದಾರಿ ಬಿಡುವ ವಾಲ್ವ್) ತೆಗೆದು ಪಿಸ್ಟನ್ ಇರುವ ಲೋಹದ ವಾಲ್ವ್ ಹಾಕಿಸಿದವರಿಗೆ, ಅದರೊಂದಿಗೆ ಸಿಗುವ ಸ್ಪ್ರಿಂಗ್‌ಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಹೆಚ್ಚಾದಷ್ಟೂ ಗಟ್ಟಿ ಸ್ಪ್ರಿಂಗ್ ಬೇಕು ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಆದರೆ ಮೊದಲು ನೋಡಬೇಕಾದದ್ದು ಬೂಸ್ಟ್ ಅಲ್ಲ, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ) ಎಂಜಿನ್ ಎಳೆಯುವ ವ್ಯಾಕ್ಯೂಮ್, ಅಂದರೆ ಹೀರಿಕೆ.

ಇದಕ್ಕೆ ಕಾರಣ ವಾಲ್ವ್ ಕೆಲಸ ಮಾಡುವ ರೀತಿಯಲ್ಲೇ ಇದೆ. ಪಿಸ್ಟನ್ನಿನ ಮೇಲ್ಭಾಗಕ್ಕೆ ಇಂಟೇಕ್ ಮ್ಯಾನಿಫೋಲ್ಡ್‌ನಿಂದ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆಯಿಂದ) ಒಂದು ಸಣ್ಣ ಹೋಸ್ ಬರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಮ್ಯಾನಿಫೋಲ್ಡ್‌ನ ಬೂಸ್ಟ್ ಮೇಲಿನಿಂದಲೂ ಟರ್ಬೊ ಪೈಪಿನ ಬೂಸ್ಟ್ ಕೆಳಗಿನಿಂದಲೂ ಹೆಚ್ಚುಕಡಿಮೆ ಸಮನಾಗಿ ಒತ್ತುವುದರಿಂದ, ಥ್ರಾಟಲ್‌ನಲ್ಲಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಬಾಗಿಲಿನಲ್ಲಿ) ಆಗುವ ಅಲ್ಪ ಒತ್ತಡನಷ್ಟ ಮತ್ತು ಹೋಸ್‌ನ ಮೂಲಕ ಒತ್ತಡ ತಲುಪುವಲ್ಲಿನ ವಿಳಂಬವನ್ನಷ್ಟೇ ಸ್ಪ್ರಿಂಗ್ ತಡೆದುಕೊಂಡರೆ ಸಾಕು. ಕಾಲು ತೆಗೆದೊಡನೆ ಮೇಲ್ಭಾಗಕ್ಕೆ ವ್ಯಾಕ್ಯೂಮ್ ಬಂದು, ಕೆಳಗಿನ ಒತ್ತಡವೂ ಸೇರಿ ಪಿಸ್ಟನ್ ಮೇಲೇಳುತ್ತದೆ, ಗಾಳಿ ಟರ್ಬೊದ ಬಾಯಿಗೆ ಮರಳುತ್ತದೆ.

ಹಾಗಾಗಿ ಮ್ಯಾನಿಫೋಲ್ಡ್‌ನಿಂದ ಬರುವ ಹೋಸ್‌ಗೆ ಟಿ-ಜಾಯಿಂಟ್ ಹಾಕಿ ಗೇಜ್ ಜೋಡಿಸಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎಸಿ ಆಫ್ ಮಾಡಿ ಐಡಲ್‌ನ ವ್ಯಾಕ್ಯೂಮ್ ಬರೆದುಕೊಳ್ಳಿ. ಇಲ್ಲಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನಲ್ಲಿ ಪಾದರಸದ 20 ಇಂಚು ತೋರಿಸುವ ಎಂಜಿನ್, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಸುಮಾರು 17 ಇಂಚು ಮಾತ್ರ ತೋರಿಸುತ್ತದೆ. ಕರಾವಳಿಯಲ್ಲಿ ಸಲೀಸಾಗಿ ತೆರೆದುಕೊಳ್ಳುವ ಸ್ಪ್ರಿಂಗ್ ಬೆಂಗಳೂರಿನಲ್ಲಿ ಬಿಗಿ ಎನಿಸಬಹುದು. ಹೆಚ್ಚು ಡ್ಯುರೇಶನ್ನಿನ (ಎಂಜಿನ್ ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ) ಕ್ಯಾಮ್‌ಶಾಫ್ಟ್ ಹಾಕಿಸಿದ್ದರೆ ವ್ಯಾಕ್ಯೂಮ್ ಇನ್ನೂ ತಗ್ಗುತ್ತದೆ.

ನಂತರ ವಾಲ್ವ್ ಬಿಚ್ಚಿ, ಹ್ಯಾಂಡ್ ವ್ಯಾಕ್ಯೂಮ್ ಪಂಪನ್ನು ಅದರ ನಿಪ್ಪಲ್‌ಗೆ (ಸಣ್ಣ ಹೋಸ್ ಸೇರುವ ತುದಿಗೆ) ಜೋಡಿಸಿ ನಿಧಾನವಾಗಿ ಎಳೆಯುತ್ತ, ಪಿಸ್ಟನ್ ಎಷ್ಟು ಇಂಚು ವ್ಯಾಕ್ಯೂಮ್‌ಗೆ ಕದಲುತ್ತದೆ ಎಂಬುದನ್ನು ಗಮನಿಸಿ. ಆ ಅಂಕಿ ನಿಮ್ಮ ಐಡಲ್ ವ್ಯಾಕ್ಯೂಮ್‌ನ ಆಸುಪಾಸಿನಲ್ಲಿರಬೇಕು. ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಆದರೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ, ಏಕೆಂದರೆ ಐಡಲ್‌ನಲ್ಲಿ ಅದು ತೆರೆದುಕೊಂಡರೆ ಫಿಲ್ಟರ್ ದಾಟದ, ಮಾಸ್ ಏರ್‌ಫ್ಲೋ ಸೆನ್ಸರ್ ಅಳೆಯದ ಗಾಳಿ ಎಂಜಿನ್ನಿಗೆ ನುಗ್ಗುತ್ತದೆ. ಗಾಳಿಯನ್ನು ಮರಳಿಸುವ ವಾಲ್ವ್ ಐಡಲ್‌ನಲ್ಲಿ ಕೂದಲೆಳೆಯಷ್ಟು ತೆರೆದಿದ್ದರೆ ತೊಂದರೆಯಿಲ್ಲ.

ಬೂಸ್ಟ್ ಪರೀಕ್ಷೆಯ ಸರದಿ ಆಮೇಲಿನದು. ವಾಲ್ವ್‌ನ ಬಾಯಿಗೆ (ಟರ್ಬೊ ಪೈಪ್ ಸೇರುವ ಕಡೆಗೆ) ಮಾತ್ರ ಗಾಳಿ ತುಂಬಿ ಸೋರುತ್ತದೆ ಎಂದು ತೀರ್ಮಾನಿಸುವವರು ಅನೇಕರು. ಮೇಲೆ ಒತ್ತಡವಿಲ್ಲದೆ ಯಾವ ಸ್ಪ್ರಿಂಗ್ ಆದರೂ ಸೋಲಲೇಬೇಕು. ಬಾಯಿ ಮತ್ತು ನಿಪ್ಪಲ್ ಎರಡಕ್ಕೂ ಒಂದೇ ಒತ್ತಡವನ್ನು, ನಿಮ್ಮ ಗರಿಷ್ಠ ಬೂಸ್ಟ್‌ನಷ್ಟು ಕೊಟ್ಟು ಸೋರಿಕೆ ನೋಡಿ. ಈ ಎರಡೂ ಪರೀಕ್ಷೆಗಳಲ್ಲಿ ಗೆಲ್ಲುವ ಸ್ಪ್ರಿಂಗ್‌ಗಳಲ್ಲಿ ಅತ್ಯಂತ ಮೃದುವಾದದ್ದನ್ನೇ ನಾನು ಆರಿಸುತ್ತೇನೆ. ಬಣ್ಣವನ್ನು ನಂಬಬೇಡಿ, ಒಬ್ಬ ತಯಾರಕರ ಹಳದಿ ಇನ್ನೊಬ್ಬರ ಹಳದಿಯಲ್ಲ.

ರಸ್ತೆಯಲ್ಲಿ ಅರ್ಧ ಥ್ರಾಟಲ್‌ನಿಂದ ಕಾಲು ತೆಗೆದಾಗ ಹಕ್ಕಿ ರೆಕ್ಕೆ ಬಡಿದಂತಹ ಪಟಪಟ ಸದ್ದು ಕೇಳಿದರೆ ಸ್ಪ್ರಿಂಗ್ ಬಿಗಿಯಾಗಿದೆ. ಕೆಲವರಿಗೆ ಈ ಸದ್ದು ಇಷ್ಟ. ಆದರೆ ಅದು ಗಾಳಿ ಕಂಪ್ರೆಸರ್‌ಗೇ ಹಿಮ್ಮೆಟ್ಟುವ ಸದ್ದು, ಪ್ರತಿ ಸಲವೂ ಟರ್ಬೊದ ಥ್ರಸ್ಟ್ ಬೇರಿಂಗ್ ಮೇಲೆ ಹೊರೆ ಬೀಳುತ್ತದೆ. ಎಂಜಿನ್ ಕಂಪ್ಯೂಟರಿನ ದಾಖಲೆಯಲ್ಲಿ (ಲಾಗ್) ಅದು ಬಯಸಿದ ಬೂಸ್ಟ್‌ಗಿಂತ ಸಿಕ್ಕ ಬೂಸ್ಟ್ ಕಡಿಮೆಯಾಗಿ, ವೇಸ್ಟ್‌ಗೇಟ್ ಡ್ಯೂಟಿ (ಬೂಸ್ಟ್ ಹೆಚ್ಚಿಸಲು ಅದು ಕೊಡುವ ಆದೇಶದ ಪ್ರಮಾಣ) ಏರುತ್ತಿದ್ದರೆ ಸ್ಪ್ರಿಂಗ್ ಮೃದುವಾಗಿರಬಹುದು. ಆದರೂ ಅದನ್ನು ಬದಲಿಸುವ ಮುನ್ನ ಹೋಸ್ ಬಿರುಕು ಬಿಟ್ಟಿದೆಯೇ, ಓ-ರಿಂಗ್ ಸವೆದಿದೆಯೇ ಎಂದು ನೋಡಿ. ಬಹಳ ಸಲ ತಪ್ಪು ಅಲ್ಲೇ ಇರುತ್ತದೆ. ವ್ಯತ್ಯಾಸ ಅಲ್ಪವಾಗಿದ್ದರೆ ತಯಾರಕರು ಕೊಡುವ ತೆಳು ವಾಷರ್ ಒಂದನ್ನು ಸ್ಪ್ರಿಂಗ್‌ನ ಬುಡಕ್ಕೆ ಸೇರಿಸಿ ಬಿಗಿ ಹೆಚ್ಚಿಸಬಹುದು, ಆದರೆ ಪಿಸ್ಟನ್ ಪೂರ್ತಿ ಮೇಲೇಳುವುದಕ್ಕೆ ಜಾಗ ಉಳಿದಿರಬೇಕು.

ಇದೆಲ್ಲ ವ್ಯಾಕ್ಯೂಮ್‌ನಿಂದ ತೆರೆಯುವ ವಾಲ್ವ್‌ಗೆ ಅನ್ವಯಿಸುವ ಮಾತು. ನಂತರದ 2.0 ಟಿಎಸ್‌ಐ ಎಂಜಿನ್‌ಗಳಲ್ಲಿ ವಾಲ್ವನ್ನು ತೆರೆಯುವುದು ವಿದ್ಯುತ್ ಸೊಲೆನಾಯ್ಡ್ ಆದ್ದರಿಂದ, ಅಲ್ಲಿ ಐಡಲ್ ವ್ಯಾಕ್ಯೂಮ್ ನೋಡಿ ಸ್ಪ್ರಿಂಗ್ ಆರಿಸುವ ಪ್ರಶ್ನೆ ಬರುವುದಿಲ್ಲ.