ಯೀಸ್ಟ್‌ನಿಂದ ಹೆಚ್ಚು ಪೆಕ್ಟಿನೇಸ್ ಪಡೆಯಲು ಬೆಳವಣಿಗೆಯ ಪರಿಸ್ಥಿತಿ ಹೊಂದಿಸುವುದು

ಚಿಕ್ಕಮಗಳೂರಿನ ತೋಟಗಳಲ್ಲಿ ಅರೇಬಿಕಾ ಕಾಫಿ ಹಣ್ಣನ್ನು ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹಾಕಿದ ಮೇಲೂ ಬೀಜಕ್ಕೆ ಅಂಟಿಕೊಂಡೇ ಇರುವ ಲೋಳೆಯಲ್ಲಿ ಪೆಕ್ಟಿನ್ ಎಂಬ ಅಂಟು ಪದಾರ್ಥವಿದ್ದು, ತೊಟ್ಟಿಯಲ್ಲಿ ಹುದುಗುವಾಗ ಅದನ್ನು ಒಡೆಯುವ ಪೆಕ್ಟಿನೇಸ್ ಕಿಣ್ವಗಳನ್ನು ಕೆಲವು ಯೀಸ್ಟ್‌ಗಳೂ ಸ್ರವಿಸುತ್ತವೆ. ಇದೇ ಕಿಣ್ವವನ್ನು ಪ್ರಯೋಗಾಲಯದಲ್ಲಿ ಹೆಚ್ಚಿಸಲು ಹೊರಡುವ ಸೂಕ್ಷ್ಮಜೀವಶಾಸ್ತ್ರದ ವಿದ್ಯಾರ್ಥಿಗಳು, ಕೋಶಗಳು ದಟ್ಟವಾಗಿ ಬೆಳೆದ ಫ್ಲಾಸ್ಕಿನಲ್ಲಿಯೇ ಕಿಣ್ವವೂ ಅಧಿಕವಾಗಿರುತ್ತದೆ ಎಂದು ಭಾವಿಸಬಾರದು. ಪ್ರತಿ ಮಾದರಿಯಲ್ಲೂ ಕೋಶಸಾಂದ್ರತೆ ಮತ್ತು ಕಿಣ್ವದ ಚಟುವಟಿಕೆ ಎರಡನ್ನೂ ಅಳೆಯಬೇಕು.

ಮೊದಲ ಪ್ರಯೋಗಕ್ಕೆ ಕ್ಲೂವೆರೊಮೈಸಿಸ್ ಮಾರ್ಕ್ಸಿಯಾನಸ್ ಎಂಬ ಯೀಸ್ಟಿನ ತಳಿ ಸೂಕ್ತ. ಇದು ಪೆಕ್ಟಿನ್ ಇಲ್ಲದ ಮಾಧ್ಯಮದಲ್ಲಿಯೂ ಪಾಲಿಗ್ಯಾಲಕ್ಟುರೊನೇಸ್ ಎಂಬ ಬಗೆಯ ಪೆಕ್ಟಿನೇಸನ್ನು ಸ್ರವಿಸುವುದರಿಂದ ಗ್ಲೂಕೋಸ್, ಪೆಪ್ಟೋನ್ ಮತ್ತು ಯೀಸ್ಟ್ ಸಾರದ ಸಾಮಾನ್ಯ ಮಾಧ್ಯಮವೇ ಸಾಕು. ಆರಂಭದ ಪಿಎಚ್ ಅನ್ನು 5ರ ಆಸುಪಾಸಿನಲ್ಲಿರಿಸಿ, ರಾತ್ರಿಯಿಡೀ ಬೆಳೆಸಿದ ಒಂದೇ ಬೀಜಸಂವರ್ಧನೆಯಿಂದ (ಹೊಸ ಮಾಧ್ಯಮಕ್ಕೆ ಹಾಕಲು ಬೆಳೆಸಿದ ಯೀಸ್ಟ್ ದ್ರವದಿಂದ) ಎಲ್ಲ ಫ್ಲಾಸ್ಕ್‌ಗಳಿಗೂ ಸಮಪ್ರಮಾಣದಲ್ಲಿ ಹಾಕಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಲೆನಾಡಿನ ರಾತ್ರಿಗಳು ತಂಪಾಗಿರುವುದರಿಂದ ಫ್ಲಾಸ್ಕ್‌ಗಳನ್ನು ಮೇಜಿನ ಮೇಲೆ ಬಿಡದೆ ಇನ್‌ಕ್ಯುಬೇಟರ್‌ನಲ್ಲಿಯೇ ಇಡಬೇಕು.

ಹೆಚ್ಚು ಗಮನ ಬೇಡುವುದು ಆಮ್ಲಜನಕ. ಗಾಳಿ ಚೆನ್ನಾಗಿ ಆಡಿದರೆ ಈ ಯೀಸ್ಟ್ ಸೊಂಪಾಗಿ ಬೆಳೆಯುತ್ತದೆ, ಆದರೆ ಪೆಕ್ಟಿನೇಸ್ ಉತ್ಪಾದನೆ ಕುಗ್ಗುತ್ತದೆ. ಆದ್ದರಿಂದ ಶೇಕರ್ ವೇಗವನ್ನು ಗರಿಷ್ಠಕ್ಕೇರಿಸುವ ರೂಢಿಯನ್ನು ಇಲ್ಲಿ ಬಿಡಬೇಕು. 250 ಮಿ.ಲೀ. ಫ್ಲಾಸ್ಕಿನಲ್ಲಿ 50, 100 ಮತ್ತು 200 ಮಿ.ಲೀ. ಮಾಧ್ಯಮವಿಟ್ಟು ಹೋಲಿಸಿದರೆ, ಮಾಧ್ಯಮ ಹೆಚ್ಚಿದಷ್ಟೂ ಗಾಳಿ ಸೇರುವುದು ಕಡಿಮೆಯಾಗುವುದರಿಂದ, ಗಾಳಿಯ ಪರಿಣಾಮ ತಿಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಹೋಗಲು ಹತ್ತಿಯ ಬಿರಡೆಯೇ ಇರಲಿ.

ಅಳತೆಯಲ್ಲೊಂದು ತೊಡಕಿದೆ. ಡಿಎನ್‌ಎಸ್ ವಿಧಾನವು (ಪೆಕ್ಟಿನ್ ಒಡೆದಾಗ ಹೊರಬರುವ ಅಪಕರ್ಷಕ, ಅಂದರೆ ರೆಡ್ಯೂಸಿಂಗ್, ಸಕ್ಕರೆಯನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಅಂಥ ಸಕ್ಕರೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಮಾಧ್ಯಮದಲ್ಲಿ ಉಳಿದ ಗ್ಲೂಕೋಸ್ ಕೂಡ ಬಣ್ಣ ಕೊಟ್ಟು ಕಿಣ್ವದ ಚಟುವಟಿಕೆಯಂತೆ ತೋರುತ್ತದೆ. ಸೆಂಟ್ರಿಫ್ಯೂಜ್ ಮಾಡಿ ತೆಗೆದ ತಿಳಿದ್ರವವನ್ನು ಪಿಎಚ್ 5ರ ಅಸಿಟೇಟ್ ಬಫರ್‌ನಲ್ಲಿ ಶೀತದಲ್ಲಿ ಡಯಾಲಿಸಿಸ್ ಮಾಡಿ (ಸೂಕ್ಷ್ಮರಂಧ್ರದ ಪೊರೆಯ ಮೂಲಕ ಗ್ಲೂಕೋಸನ್ನು ಹೊರಹಾಕಿ), ಕುದಿಸಿ ನಿಷ್ಕ್ರಿಯಗೊಳಿಸಿದ ಅದೇ ದ್ರವವನ್ನು ಪ್ರತಿ ಮಾದರಿಗೂ ನಿಯಂತ್ರಣವಾಗಿಟ್ಟು, ಅದರ ಓದನ್ನು ಕಳೆಯಬೇಕು. ಬಣ್ಣದ ಓದನ್ನು ಸಕ್ಕರೆಯ ಪ್ರಮಾಣಕ್ಕೆ ಬದಲಿಸುವ ಮಾನಕ ರೇಖೆಯನ್ನು, ಪೆಕ್ಟಿನ್‌ನ ಮೂಲ ಘಟಕವಾದ ಗ್ಯಾಲಕ್ಟುರೋನಿಕ್ ಆಮ್ಲದಿಂದಲೇ ಎಳೆಯಬೇಕು. ಈ ಹಂತವನ್ನು ಬಿಟ್ಟವರ ಅಂಕಿಗಳನ್ನು ನಾನು ನಂಬುವುದಿಲ್ಲ.

ಉಷ್ಣತೆಯನ್ನು 30, 35 ಮತ್ತು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರೀಕ್ಷಿಸಬಹುದು. ಬಿಸಿ ಹೆಚ್ಚಿದಂತೆ ದ್ರವದಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುವುದರಿಂದ ಉಷ್ಣತೆ ಮತ್ತು ಮಾಧ್ಯಮದ ಪ್ರಮಾಣ ಇವೆರಡನ್ನೂ ಬೇರೆಬೇರೆಯಾಗಿ ಬದಲಿಸಿದರೆ ತಪ್ಪು ನಿರ್ಣಯಕ್ಕೆ ಬರುವ ಸಂಭವವಿದೆ. ಮೂರು ಉಷ್ಣತೆ ಮತ್ತು ಮೂರು ಮಾಧ್ಯಮ ಪ್ರಮಾಣಗಳ ಒಂಬತ್ತೂ ಜೋಡಿಗಳನ್ನು ತಲಾ ಮೂರು ಫ್ಲಾಸ್ಕ್‌ಗಳಲ್ಲಿ ಒಟ್ಟಿಗೆ ನಡೆಸಬೇಕು.