ಬೇಸ್ ಗಿಟಾರಿನ ತಂತಿ: ಅಳತೆ ಮೊದಲು, ಕಂಪನಿ ಹೆಸರು ಕೊನೆಗೆ

ಬೇಸ್ ಗಿಟಾರಿನ ತಂತಿ ಬದಲಿಸಬೇಕು ಅಂದಕೂಡಲೇ ಬರುವ ಮೊದಲ ಪ್ರಶ್ನೆ, ಯಾವ ಕಂಪನಿದು ಒಳ್ಳೇದು ಎಂಬುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ತಂತಿಯ ಉದ್ದ ನಿಮ್ಮ ಗಿಟಾರಿಗೆ ಕೂಡಬೇಕು. ದಪ್ಪ ನಿಮ್ಮ ಕೈಗೂ ನೀವು ನುಡಿಸುವ ಶ್ರುತಿಗೂ ಹೊಂದಬೇಕು. ಸುತ್ತು ಮತ್ತು ಲೋಹ ನಿಮಗೆ ಬೇಕಾದ ನಾದ ಕೊಡಬೇಕು. ಇವಿಷ್ಟು ಸರಿಯಿದ್ದರೆ ಹೆಸರಿರುವ ಯಾವ ಕಂಪನಿಯ ಸೆಟ್ಟೂ ನಡೆಯುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಆರು ತಂತಿಯ ಗಿಟಾರಿನ ಸೆಟ್ಟು ಸಿಕ್ಕಷ್ಟು ಸಲೀಸಾಗಿ ಬೇಸ್ ಸೆಟ್ಟು ಸಿಗುವುದಿಲ್ಲ. ಹುಬ್ಬಳ್ಳಿ, ಬೆಂಗಳೂರು, ಹೈದರಾಬಾದಿನಿಂದಲೋ ಆನ್‌ಲೈನಿನಲ್ಲೋ ತರಿಸಬೇಕಾಗುತ್ತದೆ. ಪೊಟ್ಟಣ ಒಡೆದು ತಂತಿ ಕತ್ತರಿಸಿದ ಮೇಲೆ ವಾಪಸ್ ಮಾತಿಲ್ಲ. ಹಾಗಾಗಿ ದುಡ್ಡು ಕಳಿಸುವ ಮೊದಲೇ ಟೇಪ್ ಹಿಡಿಯಿರಿ.

ಉದ್ದ

ಕೀಲಿಗಳ ಕಡೆ ತಂತಿಗಳು ಕೂರುವ ಕಚ್ಚುಗಳ ಪಟ್ಟಿಯೇ ನಟ್. ಅದರ ಫ್ರೆಟ್‌ಬೋರ್ಡ್ ಕಡೆಯ ಅಂಚಿನಿಂದ 12ನೇ ಫ್ರೆಟ್ ಕಂಬಿಯ ನಡುವಿನವರೆಗೆ ಅಳೆದು ಎರಡು ಪಟ್ಟು ಮಾಡಿ, ಅದೇ ಬೇಸಿನ ಸ್ಕೇಲ್. ಬಾಡಿಯ ಮೇಲೆ ತಂತಿ ಸಿಕ್ಕಿಸುವ ಬ್ರಿಡ್ಜ್‌ವರೆಗೆ ಸೀದಾ ಅಳೆಯಬೇಡಿ. ಸ್ವರ ಸರಿಪಡಿಸಲು ಅಲ್ಲಿ ತಂತಿ ಕೂರುವ ಸ್ಯಾಡಲ್‌ಗಳನ್ನು ಹಿಂದೆ ಮುಂದೆ ಸರಿಸಿರುತ್ತಾರೆ, ಲೆಕ್ಕ ತಪ್ಪುತ್ತದೆ. 12ನೇ ಫ್ರೆಟ್‌ಗೆ ಸುಮಾರು 432 ಮಿ.ಮೀ. ಬಂದರೆ ಅದು 34 ಇಂಚಿನ ಲಾಂಗ್ ಸ್ಕೇಲ್. ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದಾಗಿನ ಅಳತೆ ಇದು, ಇವತ್ತಿಗೂ ಹೆಚ್ಚಿನ ಬೇಸ್‌ಗಳದ್ದು ಇದೇ. 381 ಮಿ.ಮೀ. ಬಂದರೆ 30 ಇಂಚಿನ ಶಾರ್ಟ್ ಸ್ಕೇಲ್. ನಡುವೆ 32 ಇಂಚಿನವು ಇವೆ, ಐದು ತಂತಿಯ ಕೆಲವು ಬೇಸ್‌ಗಳು 35 ಇಂಚು.

ಪೊಟ್ಟಣದ ಮೇಲೆ ಲಾಂಗ್, ಮೀಡಿಯಂ, ಶಾರ್ಟ್ ಎಂದು ಬರೆದಿರುತ್ತದೆ. ಬೇಸ್ ತಂತಿಯ ತುದಿಯ ಕಡೆ ಹೊರಸುತ್ತು ಮುಗಿದು ತೆಳುವಾಗಿ, ಬಣ್ಣದ ದಾರ ಸುತ್ತಿದ ಭಾಗ ಶುರುವಾಗುತ್ತದೆ. ದಪ್ಪ ಭಾಗ ನಟ್ ದಾಟಿ ಒಂದೆರಡು ಇಂಚು ಮುಂದೆ ಹೋಗಿಯೇ ಮುಗಿಯಬೇಕು. ಗಿಡ್ಡ ತಂತಿ ಉದ್ದದ ಬೇಸಿಗೆ ಹಾಕಿದರೆ ದಾರದ ಭಾಗ ನಟ್ ಮೇಲೆಯೇ ಕೂತು, ಬೆರಳೊತ್ತದೆ ಬಿಟ್ಟ ತಂತಿ ಸಪ್ಪೆ ನುಡಿಯುತ್ತದೆ. ಉದ್ದದ ತಂತಿಯನ್ನು ಶಾರ್ಟ್ ಸ್ಕೇಲಿಗೆ ಹಾಕಿದರೆ ಇನ್ನೊಂದು ತೊಂದರೆ: ಪೂರ್ತಿ ದಪ್ಪದ ತಂತಿಯನ್ನೇ ಕೀಲಿಯ ಗೂಟಕ್ಕೆ ಸುತ್ತಬೇಕಾಗುತ್ತದೆ, ಬಾಗುವ ಜಾಗದಲ್ಲಿ ಸುತ್ತು ಬಿರುಕು ಬಿಡುತ್ತದೆ, ಒಂದೊಂದು ಸಲ ಅಲ್ಲೇ ತುಂಡಾಗುತ್ತದೆ. ನಿಮ್ಮ ಬೇಸಿನ ತಂತಿ ಬಾಡಿಯ ಹಿಂಬದಿಯಿಂದ ತೂರಿ ಬರುವಂಥದ್ದಾದರೆ ಹಿಂದೆ ತಂತಿಯ ತುದಿಯ ಗುಂಡಿ ಕೂರುವ ತೂತಿನಿಂದ ನಟ್‌ವರೆಗೆ ತಂತಿ ಹೋಗುವ ದಾರಿಯಲ್ಲೇ ಅಳೆದು, ಅದಕ್ಕಿಂತ ಹೆಚ್ಚು ಸುತ್ತಿನ ಉದ್ದ ಇರುವ ಸೆಟ್ಟು ಕೇಳಿ.

ದಪ್ಪ, ಅಂದರೆ ಗೇಜ್

ಗೇಜಿನ ಸಂಖ್ಯೆ ಇಂಚಿನ ಸಾವಿರದ ಭಾಗದಲ್ಲಿರುತ್ತದೆ. 105 ಅಂದರೆ 0.105 ಇಂಚು, ಸುಮಾರು 2.67 ಮಿ.ಮೀ. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ ಎಂಬ ನಾಲ್ಕು ತಂತಿಗಳಲ್ಲಿ ನುಡಿಸುವವರು ತೆಳು ಜಿ ಮತ್ತು ದಪ್ಪ ಇ ಎರಡನ್ನೇ ಹೇಳಿ 'ನಲವತ್ತೈದು–ನೂರೈದು' ಎಂದು ಸೆಟ್ಟನ್ನು ಗುರುತಿಸುತ್ತಾರೆ. ಹೆಚ್ಚಾಗಿ ಸಿಗುವವು ಇವು:

- 40–60–75–95: ಹಗುರ. ಬೆರಳಿಗೆ ಸುಲಭ, ಜೋರಾಗಿ ಎಳೆದರೆ ಫ್ರೆಟ್‌ಗೆ ಬಡಿಯುತ್ತದೆ.
- 45–65–80–100: ಮಧ್ಯಮಕ್ಕಿಂತ ಸ್ವಲ್ಪ ಹಗುರ.
- 45–65–85–105: ಎಲ್ಲ ಕಡೆ ನಡೆಯುವ ಅಳತೆ. ಗೊಂದಲವಿದ್ದರೆ ಇದೇ.
- 50–70–85–105: ಭಾರ, ಬಿಗಿ.
- ಐದು ತಂತಿಗೆ ಇವುಗಳ ಮೇಲೆ 125 ಅಥವಾ 130ರ ಬಿ.

34 ಇಂಚಿನ ಬೇಸ್ ಮೇಲೆ 45–105 ಸೆಟ್ಟನ್ನು ಇ–ಎ–ಡಿ–ಜಿಗೆ ಏರಿಸಿದರೆ ನಾಲ್ಕೂ ತಂತಿ ಸೇರಿ ಕುತ್ತಿಗೆಯನ್ನು ಸುಮಾರು 80 ಕೆ.ಜಿ. ಬಲದಿಂದ ಎಳೆಯುತ್ತವೆ. ಈ ಎಳೆತವನ್ನು ಹಂಚಿಕೊಳ್ಳುವುದರಲ್ಲಿ ನಾಲ್ಕು ತಂತಿ ಸಮಾನವಲ್ಲ. ಹಲವು ಸೆಟ್ಟುಗಳಲ್ಲಿ ಇ ತಂತಿಯೇ ಎಲ್ಲಕ್ಕಿಂತ ಸಡಿಲ. 45–100ರಿಂದ 45–105ಕ್ಕೆ ಹೋದರೆ ಕೈಗೆ ಗೊತ್ತಾಗುವ ವ್ಯತ್ಯಾಸ ಇ ಮತ್ತು ಎ ತಂತಿಗಳಲ್ಲೇ, ಜಿ ಹಾಗೇ ಉಳಿಯುತ್ತದೆ. ಅದೇ ಸೆಟ್ಟಿನ ಶಾರ್ಟ್ ಸ್ಕೇಲ್ ರೂಪವನ್ನು 30 ಇಂಚಿನ ಬೇಸಿಗೆ ಹಾಕಿದರೆ ಬಿಗಿತ ಶೇ. 22ರಷ್ಟು ಇಳಿಯುತ್ತದೆ. ಆದ್ದರಿಂದ ಶಾರ್ಟ್ ಸ್ಕೇಲಿಗೆ 40–95 ಹಾಕಿಬಿಟ್ಟು ಆಮೇಲೆ ತಂತಿ ತೊಳಲಾಡುತ್ತದೆ ಎಂದು ಗಿಟಾರನ್ನು ಬೈಯಬೇಡಿ.

ನಮ್ಮ ಕಡೆ ಗೇಜ್ ತೀರ್ಮಾನಿಸುವುದು ಬಹುಪಾಲು ಹಾರ್ಮೋನಿಯಂ. ರಂಗಗೀತೆ, ತತ್ವಪದ, ಮಾನ್ವಿ ಕಡೆಯ ದಾಸರ ಪದ, ಯಾವುದಕ್ಕೆ ಕೂತರೂ ಹಾಡುವವರು ಅದರ ಕಪ್ಪು ಮನೆಗಳ ಲೆಕ್ಕದಲ್ಲಿ 'ಕಪ್ಪು ಒಂದು', 'ಕಪ್ಪು ಎರಡು' ಎಂದೇ ಶ್ರುತಿ ಹೇಳುತ್ತಾರೆ. ಕಪ್ಪು ಎರಡು ಅಂದರೆ ಡಿ ಶಾರ್ಪ್. ಬೇಸಿನ ಬಿಟ್ಟ ಇಗಿಂತ ಅರ್ಧ ಸ್ವರ ಕೆಳಗೆ, ಸುಮಾರು 39 ಹರ್ಟ್ಸ್. ಕೆಳಗಿನ ಷಡ್ಜ ಬೇಕೆಂದರೆ ಎಲ್ಲ ತಂತಿಯನ್ನೂ ಅರ್ಧ ಸ್ವರ ಇಳಿಸಬೇಕು, ಬಿಗಿತ ಶೇ. 11ರಷ್ಟು ಕಡಿಮೆಯಾಗುತ್ತದೆ. 45–105 ಇದನ್ನು ತಡೆದುಕೊಳ್ಳುತ್ತದೆ, 50–105 ಇನ್ನೂ ಚೆನ್ನಾಗಿ ತಡೆಯುತ್ತದೆ, 40–95 ತಡೆಯುವುದಿಲ್ಲ. ಕಪ್ಪು ಒಂದು, ಅಂದರೆ ಸಿ ಶಾರ್ಪ್ ಆದರೆ ಇ ತಂತಿಯನ್ನು ಒಂದೂವರೆ ಸ್ವರ ಇಳಿಸಬೇಕು, ಬಿಗಿತ ಶೇ. 29ರಷ್ಟು ಹೋಗುತ್ತದೆ. ಅಲ್ಲಿ ದಪ್ಪ ತಂತಿಯ ಉಪಾಯ ಹೆಚ್ಚು ದೂರ ಬಾರದು. ಐದು ತಂತಿಯ ಬೇಸ್ ತೆಗೆದುಕೊಳ್ಳಿ, ಇಲ್ಲವೇ ಷಡ್ಜವನ್ನು ಎ ತಂತಿಯ 4ನೇ ಫ್ರೆಟ್‌ನಲ್ಲಿ ಹಿಡಿಯಿರಿ. ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಳ ಸ್ವರ ಟ್ಯೂನರಿನ ಮಾನವಾದ 440 ಹರ್ಟ್ಸ್‌ಗೆ ಕಟ್ಟುಬಿದ್ದಿರುವುದಿಲ್ಲ. ಟ್ಯೂನರಿನ ಹಸಿರು ದೀಪಕ್ಕಿಂತ ಪೆಟ್ಟಿಗೆಯ ಮನೆಗೇ ಶ್ರುತಿ ಸೇರಿಸಿ.

ಬಿ ತಂತಿಯ ಬಗ್ಗೆ ಒಂದು ಮಾತು. 31 ಹರ್ಟ್ಸ್ ನುಡಿಯುವ ಆ ತಂತಿ 34 ಇಂಚಿನ ಬೇಸ್ ಮೇಲೆ ಮಸುಕಾಗಿ ಕೇಳಿದರೆ 125 ಬಿಟ್ಟು 130 ಹಾಕಿ ನೋಡಿ. ಸ್ಯಾಡಲ್ ಹತ್ತಿರ ತೆಳುವಾಗುವ ಟೇಪರ್ ಬಿ ತಂತಿಗಳೂ ಇವೆ, ಅವುಗಳ ಸ್ವರ ಹೆಚ್ಚು ಖಚಿತ. ಸ್ಯಾಡಲ್ ಎತ್ತರ ಮಾತ್ರ ಸ್ವಲ್ಪ ಏರಿಸಬೇಕಾಗುತ್ತದೆ.

ಸುತ್ತು ಮತ್ತು ಲೋಹ

ಗುಂಡು ತಂತಿ ಸುತ್ತಿದ ರೌಂಡ್‌ವೌಂಡ್, ಪಟ್ಟಿ ಸುತ್ತಿದ ಫ್ಲಾಟ್‌ವೌಂಡ್, ಮೇಲ್ಮೈ ತೇಯ್ದು ನಯ ಮಾಡಿದ ಹಾಫ್‌ರೌಂಡ್, ನೈಲಾನ್ ಹೊದಿಸಿದ ಟೇಪ್‌ವೌಂಡ್ ಎಂದು ಮುಖ್ಯವಾಗಿ ನಾಲ್ಕು ಬಗೆ. ಆರ್ಕೆಸ್ಟ್ರಾದಲ್ಲಿ ಕುಣಿಯುವ ಹಾಡು, ಹೊಸ ಸಿನಿಮಾ ಹಾಡು, ಸ್ಲ್ಯಾಪ್ (ತಂತಿಯನ್ನು ಹೆಬ್ಬೆರಳಿನಿಂದ ಬಡಿಯುವ ರೀತಿ) ನುಡಿಸುವವರಿಗೆ ರೌಂಡ್‌ವೌಂಡ್. ಹಳೆಯ ಭಾವಗೀತೆ, ಭಜನೆ, 60–70ರ ದಶಕದ ಸಿನಿಮಾ ಹಾಡುಗಳಿಗೆ ಫ್ಲಾಟ್‌ವೌಂಡ್. ಅದರ ಸ್ವರ ದುಂಡಗೆ ಹುಟ್ಟಿ ಬೇಗ ಇಳಿಯುತ್ತದೆ, ಬೆರಳು ಜಾರುವ ಕಿರ್ ಸದ್ದಿಲ್ಲ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಫ್ಲಾಟ್‌ವೌಂಡ್ ಮೇಲೆಯೇ. ಒಂದೇ ಗೇಜ್ ಆದರೂ ಫ್ಲಾಟ್ ಸಾಮಾನ್ಯವಾಗಿ ಹೆಚ್ಚು ಬಿಗಿ. ರೌಂಡ್‌ನಲ್ಲಿ 105 ಒಗ್ಗಿದ ಕೈಗೆ ಫ್ಲಾಟ್‌ನಲ್ಲಿ 100 ಸರಿಹೋಗಬಹುದು. ಹಾಫ್‌ರೌಂಡ್ ಎರಡರ ನಡುವಿನದು, ಎರಡರಷ್ಟೂ ಚೆನ್ನಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕಂಬಿಗಳೇ ಇಲ್ಲದ ಫ್ರೆಟ್‌ಲೆಸ್ ಬೇಸಿಗೆ ಫ್ಲಾಟ್ ಅಥವಾ ಟೇಪ್ ಹಾಕಿ. ರೌಂಡ್‌ವೌಂಡ್ ಬೋರ್ಡಿನ ಮರವನ್ನು ಅರದಂತೆ ತಿನ್ನುತ್ತದೆ.

ಲೋಹದಲ್ಲಿ ನಿಕಲ್ ಲೇಪಿತ ಉಕ್ಕು ಎಲ್ಲಕ್ಕೂ ಹೊಂದುತ್ತದೆ. ಸ್ಟೇನ್‌ಲೆಸ್ ಉಕ್ಕು ಹೆಚ್ಚು ಚುರುಕು, ಬೆರಳಿಗೂ ಫ್ರೆಟ್‌ಗೂ ಒರಟು. ಆದರೆ ಬೆವರು ಜಾಸ್ತಿ ಇರುವವರ ಕೈಯಲ್ಲಿ ನಿಕಲ್ಲಿಗಿಂತ ತಾಳಿಕೆ. ಶುದ್ಧ ನಿಕಲ್ ಮೆತ್ತಗಿನ ನಾದ. ಅಕೌಸ್ಟಿಕ್ ಬೇಸಿನ ಫಾಸ್ಫರ್ ಬ್ರಾಂಜ್ ಸೆಟ್ಟನ್ನು ಕಣ್ತಪ್ಪಿ ಕೊಳ್ಳಬೇಡಿ. ಎಲೆಕ್ಟ್ರಿಕ್ ಬೇಸಿನ ಪಿಕಪ್ ಆಯಸ್ಕಾಂತದ ಮೇಲೆ ಕೆಲಸ ಮಾಡುತ್ತದೆ, ಕಂಚಿನ ಸುತ್ತನ್ನು ಅದು ಗುರುತಿಸುವುದಿಲ್ಲ. ಒಳಗಿನ ಉಕ್ಕಿನ ಎಳೆಯಿಂದ ಬರುವ ಸದ್ದು ಕ್ಷೀಣ. ನೈಲಾನ್ ಹೊದಿಕೆಯ ತಂತಿಯೊಳಗೆ ಲೋಹದ ಸುತ್ತು ಇರುವುದರಿಂದ ಆ ಚಿಂತೆ ಇಲ್ಲ.

ತಂತಿ ಆರಿಸುವಾಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಸ್ಪೀಕರ್. ಮದುವೆ ಮಂಟಪದಲ್ಲೋ ಜಾತ್ರೆಯ ಬಯಲಲ್ಲೋ ಬೇಸ್ ನೇರ ಮಿಕ್ಸರಿಗೆ ಹೋಗಿ 15 ಇಂಚಿನ ಟಾಪ್ ಸ್ಪೀಕರ್‌ಗಳಿಂದ ಹೊರಬೀಳುತ್ತದೆ. ಅವುಗಳಲ್ಲಿ ಬಹಳಷ್ಟು 50–60 ಹರ್ಟ್ಸ್‌ನ ಕೆಳಗೆ ಕೈಕೊಡುತ್ತವೆ. ಬಿಟ್ಟ ಇ ತಂತಿಯ ಮೂಲ ಸ್ವರ 41 ಹರ್ಟ್ಸ್. ಅಂದರೆ ಜನ ಕೇಳುವುದು ಅದರ ಜೊತೆಗೇ ನುಡಿಯುವ 82, 123 ಹರ್ಟ್ಸ್‌ನ ಮೇಲಿನ ಅನುಸ್ವರಗಳನ್ನು. ರೌಂಡ್‌ವೌಂಡ್ ಹಳತಾದಾಗ ಮೊದಲು ಸಾಯುವುದೂ ಮೇಲಿನ ಅನುಸ್ವರಗಳೇ. ಆಗ ಸೌಂಡಿನವರು ಬೇಸ್ ಗುಂಡಿ ತಿರುಗಿಸುತ್ತಾರೆ, ಗುಡುಗು ಹೆಚ್ಚುತ್ತದೆ, ಸ್ವರ ಮಾತ್ರ ತಿಳಿಯುವುದಿಲ್ಲ. ಸಬ್‌ವೂಫರ್ ಇಲ್ಲದ ಕಡೆ ಹೆಚ್ಚು ನುಡಿಸುವವರು ರೌಂಡ್‌ವೌಂಡ್ ಹಾಕಿ, ಸಪ್ಪೆಯಾಗುವ ಮುಂಚೆ ಬದಲಿಸಿ. ಫ್ಲಾಟ್‌ವೌಂಡ್ ಹಾಕಿಯೇ ತೀರುವವರು ಮಿಕ್ಸರಿನಲ್ಲಿ 700–800 ಹರ್ಟ್ಸ್ ಸುತ್ತ ಸ್ವಲ್ಪ ಏರಿಸಿಕೊಳ್ಳಿ.

ಏರಿಸುವಾಗ

ಒಂದು ತಂತಿ ಬಿಚ್ಚಿ, ಹೊಸದು ಹಾಕಿ, ಆಮೇಲೆ ಮುಂದಿನದು. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಕುತ್ತಿಗೆಯ ಮೇಲಿನ ಎಳೆತ ಪೂರ್ತಿ ಹೋಗಿ ಮತ್ತೆ ನೆಲೆಗೆ ಬರಲು ಹೊತ್ತು ಹಿಡಿಯುತ್ತದೆ. ಹೊಸ ತಂತಿಯನ್ನು ಗುಂಡಿಯ ಕಡೆಯಿಂದ ತೂರಿಸಿ, ಇನ್ನೊಂದು ತುದಿ ಸಡಿಲ ಬಿಟ್ಟು ತಿರುಚು ಇಳಿಯಲು ಬಿಡಿ. ತಿರುಚಿದ ತಂತಿ ಒಂದೇ ಸ್ವರದಲ್ಲಿ ಎರಡು ಸ್ವರ ಹೊಡೆದಂತೆ ಅಲೆಯುತ್ತದೆ, ಎಷ್ಟು ಟ್ಯೂನ್ ಮಾಡಿದರೂ ಹೋಗುವುದಿಲ್ಲ.

ತಂತಿಯನ್ನು ಅದರ ಗೂಟದಾಚೆ 10–12 ಸೆಂ.ಮೀ. ಬಿಟ್ಟು ಗುರುತು ಮಾಡಿ. ಗುರುತಿಗಿಂತ ಸ್ವಲ್ಪ ಈಚೆಗೆ ಪ್ಲೇಯರ್‌ನಲ್ಲಿ ಹಿಡಿದು ಮೊದಲು ಲಂಬವಾಗಿ ಬಗ್ಗಿಸಿ, ಆಮೇಲೆ ಕತ್ತರಿಸಿ. ಬಗ್ಗಿಸದೆ ಕತ್ತರಿಸಿದರೆ ಒಳ ಎಳೆ ಗುಂಡಗಿರುವ ತಂತಿಗಳಲ್ಲಿ ಸುತ್ತು ಸಡಿಲಾಗಿ ತಂತಿ ಸತ್ತಂತೆ ನುಡಿಯುತ್ತದೆ. ತುದಿಯನ್ನು ಗೂಟದ ನಡುವಿನ ತೂತಿಗೆ ಇಳಿಸಿ ಎರಡು ಮೂರು ಸುತ್ತು, ಮೇಲಿನಿಂದ ಕೆಳಕ್ಕೆ, ಒಂದರ ಮೇಲೊಂದು ಏರದ ಹಾಗೆ. ಶ್ರುತಿಗೆ ತಂದ ಮೇಲೆ ನಟ್ ಮುಂದೆಯೂ ಸ್ಯಾಡಲ್ ಮುಂದೆಯೂ ಹೆಬ್ಬೆರಳಿನಿಂದ ತಂತಿಯನ್ನು ಒತ್ತಿ ಮೂಲೆ ಕೂರಿಸಿ. ಹೊಸ ತಂತಿಯ ಸ್ವರ ಸರಿಬರುತ್ತಿಲ್ಲ ಎಂಬ ಅರ್ಧ ದೂರು ಇಲ್ಲೇ ತೀರುತ್ತದೆ.

ಗೇಜ್ ಬದಲಾದರೆ ಕುತ್ತಿಗೆಯನ್ನೂ ನೋಡಬೇಕು. ಇ ತಂತಿಯನ್ನು 1ನೇ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿಹಿಡಿದು 7–8ನೇ ಫ್ರೆಟ್ ಹತ್ತಿರ ತಂತಿ ಮತ್ತು ಕಂಬಿಯ ನಡುವಿನ ಸಂದು ಪರೀಕ್ಷಿಸಿ. 0.3 ಮಿ.ಮೀ. ಆಸುಪಾಸು, ಅಂದರೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಇದ್ದರೆ ಸರಿ. ದಪ್ಪ ಸೆಟ್ಟಿನಿಂದ ಸಂದು ಹೆಚ್ಚಿದರೆ ಕುತ್ತಿಗೆಯೊಳಗಿನ ಸರಳು ಟ್ರಸ್ ರಾಡನ್ನು ಬಿಗಿ ಮಾಡಿ, ತೆಳು ಸೆಟ್ಟಿನಿಂದ ಸಂದು ಮುಚ್ಚಿದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ರಾಡ್ ತಿರುಗಲು ಒಪ್ಪದಿದ್ದರೆ ಬಲ ಹಾಕದೆ ಬಲ್ಲವರಿಗೆ ಕೊಡಿ. ಬೇಸಿಗೆಯ ಒಣ ಹವೆಗೆ ಮರ ಕುಗ್ಗಿ ಸಂದು ಕಡಿಮೆಯಾಗುತ್ತದೆ, ಮಳೆಗಾಲದಲ್ಲಿ ಹೆಚ್ಚುತ್ತದೆ. ಏಪ್ರಿಲಿನಲ್ಲಿ ಇದ್ದಕ್ಕಿದ್ದಂತೆ ಮೊದಲ ಫ್ರೆಟ್‌ಗಳು ಝರ್ ಎಂದರೆ ತಂತಿಯನ್ನು ದೂರಬೇಡಿ.

12ನೇ ಫ್ರೆಟ್ ಮೇಲೆ ತಂತಿಯ ಎತ್ತರ ಇಗೆ 2–2.5 ಮಿ.ಮೀ., ಜಿಗೆ 1.5–2 ಮಿ.ಮೀ. ಆಮೇಲೆ 12ನೇ ಫ್ರೆಟ್‌ನ ಮೇಲೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ನುಡಿಸುವ ಹಾರ್ಮೋನಿಕ್ಕನ್ನೂ ಅದೇ ಫ್ರೆಟ್ ಒತ್ತಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಟ್ಯೂನ್ ಮಾಡುವಾಗ ಕೀಲಿ ತಿರುಗಿಸಿದರೂ ಸ್ವರ ಕದಲದೆ, ಆಮೇಲೆ ಟಿಕ್ ಎಂದು ಜಿಗಿದರೆ ದಪ್ಪ ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಅದನ್ನು ಅಗಲ ಮಾಡಲು ನಟ್ ಅರವೇ ಬೇಕು, ಗರಗಸದ ಬ್ಲೇಡ್ ಅಲ್ಲ. ಆಳ ಒಂದು ಕೂದಲಷ್ಟು ಹೆಚ್ಚಾದರೂ ಬಿಟ್ಟ ತಂತಿ ಝೇಂಕರಿಸುತ್ತದೆ, ನಟ್ ಹೊಸದೇ ಹಾಕಿಸಬೇಕಾಗುತ್ತದೆ.

ಧೂಳು, ಬೆವರು

ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಧೂಳು ರೌಂಡ್‌ವೌಂಡ್‌ನ ಸುತ್ತುಗಳ ಸಂದಿಗೆ ಇಳಿದು ಬೆವರಿನ ಜೊತೆ ಗಟ್ಟಿಯಾಗುತ್ತದೆ. ತಂತಿ ತೂಕ ಏರಿ, ಬಾಗುವ ಗುಣ ಕಳೆದುಕೊಂಡು ಸಪ್ಪೆಯಾಗುತ್ತದೆ. ನುಡಿಸಿದ ಮೇಲೆ ಹಳೆಯ ಬನಿಯನ್ ಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿ. ಬಳ್ಳಾರಿಯಲ್ಲಿ ಜೀನ್ಸ್ ಚೂರಿಗೆ ಬರವಿಲ್ಲ, ಆದರೆ ಅದು ಇದಕ್ಕೆ ಒರಟು. ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಬಿಡಿ, ಅಂಟಿದ ಎಣ್ಣೆಗೆ ಇನ್ನಷ್ಟು ಧೂಳು ಕೂರುತ್ತದೆ. ಈ ಹವೆಗೆ ತೆಳುಲೇಪದ ಕೋಟೆಡ್ ತಂತಿ ದುಬಾರಿಯಾದರೂ ಬಾಳಿಕೆಯ ಲೆಕ್ಕದಲ್ಲಿ ನಷ್ಟವಲ್ಲ. ಫ್ಲಾಟ್‌ವೌಂಡ್ ಅಂತೂ ವರ್ಷಗಟ್ಟಲೆ ನಡೆಯುತ್ತದೆ.

ಲೇಪವಿಲ್ಲದ ರೌಂಡ್‌ವೌಂಡ್ ಸತ್ತರೆ ಬಿಚ್ಚಿ, ಅಗಲವಾಗಿ ಸುರುಳಿ ಸುತ್ತಿ, ಮೆಡಿಕಲ್ ಸ್ಟೋರಿನ ಐಸೊಪ್ರೊಪಿಲ್ ಆಲ್ಕೋಹಾಲ್ ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಬೆಂಕಿಯಿಂದ ದೂರ, ಕಿಟಕಿ ತೆರೆದು. ಒರೆಸಿ ಒಣಗಿಸಿ ಹಾಕಿದರೆ ಚುರುಕು ಸಾಕಷ್ಟು ಮರಳುತ್ತದೆ, ಹೊಸದರಷ್ಟು ದಿನ ಬಾರದು. ಕುದಿಸುವುದಕ್ಕಿಂತ ಇದು ಮೇಲು, ಬೋರ್‌ವೆಲ್ಲಿನ ಗಡಸು ನೀರು ಉಪ್ಪು ಬಿಟ್ಟು ತುಕ್ಕು ತರುತ್ತದೆ. ನೈಲಾನ್ ಮತ್ತು ಕೋಟೆಡ್ ತಂತಿಗೆ ಇದು ಬೇಡ. ಹೀಗೆ ತೊಳೆದ ಸೆಟ್ಟನ್ನು ಸಿಲಿಕಾ ಜೆಲ್ ಪುಡಿಕೆಯ ಜೊತೆ ಜಿಪ್ ಕವರಿನಲ್ಲಿ ಹಾಕಿ ಗಿಟಾರಿನ ಚೀಲದಲ್ಲೇ ಇಡಿ, ಗೇಜ್ ಮೇಲೆ ಬರೆದು. ಕಾರ್ಯಕ್ರಮದ ನಡುವೆ ತಂತಿ ಹರಿದರೆ ಪಕ್ಕದ ಊರಿನ ಅಂಗಡಿ ತೆರೆದಿರುವುದಿಲ್ಲ. ಹಾಗೆ ಹಾಕುವ ತಂತಿ ಮೊದಲೇ ಕತ್ತರಿಸಿದ್ದಾದ್ದರಿಂದ ಅದೇ ಗೂಟಕ್ಕೆ ಮಾತ್ರ ಸರಿಹೋಗುತ್ತದೆ. ಜಿ ಗೂಟದ ತಂತಿಯನ್ನು ಡಿಗೆ ಎಳೆಯಲು ಹೋಗಬೇಡಿ.